ಪಕ್ಕಾ ಬಣ್ಣ

ಕಣ್ಣಿಗೆ ಬಣ್ಣ ಸಿಡದೈತಿ, ತೊಳಕೋರಿ ಅಂದ್ಲು ರುಕ್ಮಾಬಾಯಿ
ಊಟದ ತಾಟು ಇಡತಾ.
ತೊಳದೆ. ಸಬಕಾರ ಹಚ್ಚಿ ತೊಳದೆ.
ಹೋಗಲಿಲ್ಲ.
ಬೆಟಗೇರಿಯೊಳಗ ಮೂವತ್ತೆಂಟು ವರ್ಷ
ನೂಲಿಗೆ ಬಣ್ಣ ಕುಡಿಸಿದ ಮನಿಷಾ ನಾನು,
ಅವತ್ತು ಅದ್ದಿದ್ದು ನೀಲಿ ಲಡಿ.
ಹಳದಿ ಎಲ್ಲಿಂದ ಬಂತು?

ಕಾಮಣಿ, ಅಂತು ಓಣಿ.
ಹಳ್ಳದಾಚಿ ಅಜ್ಜ ಆದಿತ್ಯವಾರ, ಗುರುವಾರ
ನಸುಕಿನ್ಯಾಗ ಕೊಡತಿದ್ದ
ಮಜ್ಜಿಗ್ಯಾಗ ಕದಡಿದ ಹಸರು ಮುದ್ದಿ.
ಖಾರ ಬ್ಯಾಡ, ಎಣ್ಣಿ ಬ್ಯಾಡ, ಸೊಪ್ಪಿನ ಹೆಸರು ಕೇಳಬ್ಯಾಡ.
ಮೂರು ವಾರ ಕುಡದೆ.
ಹಳದಿ ಮ್ಯಾಲೆ ಹಸರು ಹಾಕಿದರ ಏನಾಗತೈತಿ ಅಂತ
ಯಾರಿಗಿಲ್ಲದಿದ್ದರೂ ನನಗ ಗೊತ್ತಿರಬೇಕಿತ್ತು.

ಆಮ್ಯಾಲೆ ತುರಿಕಿ.
ಹುರುಕಲ್ಲ, ಇಸುಬಲ್ಲ,
ತೊಗಲಿನ ಒಳಮೈಗೆ ಯಾರೋ
ಉಣ್ಣಿ ಕಂಬಳಿ ತಿರುವಿ ಹೊಚ್ಚಿದಂಗ.
ರಾತ್ರಿ ಎದ್ದು ಮಗ್ಗದ ಮನಿಗೆ ಹೋಗಿ
ಹಾಸಿನ ಎಳಿಗೆ ಗಂಜಿ ಹಚ್ಚೋ ಕುಂಚಿಗಿಯಿಂದ
ಬೆನ್ನು ತಿಕ್ಕಿಕೊಂಡೆ, ರಕ್ತ ಬರೋತನಕ,
ಸಪ್ಪಳ ಆಗದಂಗ.

ಹುಬ್ಬಳ್ಳಿ ಪ್ಯಾಸೆಂಜರ್.
ಅಣ್ಣಿಗೇರಿ ದಾಟಿದ ಮ್ಯಾಲೆ ಎರಿಹೊಲದ ತುಂಬ ಕುಸುಬಿ ಹೂ.
ಎದುರು ಸೀಟಿನ ಹುಡುಗಿ ಹೂ ನೋಡಿದಳು,
ನನ್ನ ನೋಡಿದಳು,
ಅವ್ವನ ಮಗ್ಗಲಕ್ಕ ಸರದಳು.

ಹಂಚಿನಾಳ ಡಾಕ್ಟರಬಾಯಿಗೆ ನನ್ನ ಮಗಳ ವಯಸ್ಸು.
ಪಕ್ಕಡಿ ಕೆಳಗ ಬೆರಳೊತ್ತಿ
ಉಸರು ಎಳಕೋರಿ ಅಂದ್ಲು.
ಬ್ಯಾನಿ ಇಲ್ಲ.
ಇಲ್ಲದ್ದು ಛಲೋ ಅಲ್ಲ ಅಂತ ಆಕಿ ಮಾರಿಮ್ಯಾಲೆ ಓದಿದೆ.
ಸಂಡಾಸ ಯಾವ ಬಣ್ಣ?
ಎಲ್ಲಾರೂ ನಾಚತಾರಂತ ಈ ಪ್ರಶ್ನಿಗೆ.
ಬಿಳೇದಲ್ಲ ಬಾಯಾರ, ಅಂದೆ,
ಬಣ್ಣ ಕಾಣದ ಕೋರಾ ನೂಲು, ಒಂದು ದಿನ ನೀರಾಗ ನೆನದದ್ದು.
ಉಚ್ಚಿ?
ಸಾಸಿವಿ ಎಣ್ಣಿ. ತಳದಾಗ ಕಂದು, ನೊರಿ ಸುದ್ದಾ ಹಳದಿ.
ಆಕಿ ಪೆನ್ನು ನಿಂತಿತು.
ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ ವಿಠ್ಠಲಸಾ.

ತಣ್ಣನ ಲೋಳಿ ಹಚ್ಚಿ ಹೊಟ್ಟಿ ಮ್ಯಾಲೆ ಮಿಷಿನ್ ಆಡಿಸಿದರು.
ಒಳಗಿಂದೆಲ್ಲಾ ಬರೇ ಬೂದಿ ಬಣ್ಣ.
ಚೀಟಿ ಹಿಂದ ಆಕಿ ಗೀಚಿದಳು:
ಇದು ಯಕೃತ್ತು, ಪಿತ್ತ ಕಾಯಿಸೋ ಹಂಡೆ.
ಇದು ನಳಗಿ, ಮೇದೋಜೀರಕದ ತಲಿಯೊಳಗ ಹಾದು
ಕರುಳಿಗೆ ಇಳೀತೈತಿ.
ಇಲ್ಲಿ, ಅಂತ ಮೊನಿ ಊರಿದಳು, ಗಂಟು.
ಎಂಥಾದ್ದು ಅಂತ ತುಣುಕು ತಗದು ನೋಡಬೇಕು.

ಗಂಟು ನನಗ ಹೊಸದಲ್ಲ.
ದಾರಿ ಕಟ್ಟಿದರ ಬಣ್ಣ ಸುಮ್ಮನ ಕೂಡೂದಿಲ್ಲ.
ಕೆಳಗ ಹೋಗಬೇಕಾದ ಹಳದಿ
ಹಿಂದಕ್ಕ ತಿರುಗಿ, ರಕ್ತಾನ ಹಂಡೆ ಮಾಡಿಕೊಂಡು
ನನ್ನನ್ನ ಅದ್ದಿತ್ತು.

ಬಾಯಿಂದ ಕೊಳವಿ ಇಳಸತೀವಿ, ನಳಗ್ಯಾಗ ಡೈ ಬಿಡತೀವಿ ಅಂದ್ಲು.
ನಕ್ಕೆ, ಆ ತಿಂಗಳದಾಗ ಮೊದಲ ಸಲ.
ಯಾವ ಬಣ್ಣದ್ದು ಬಾಯಾರ?
ಬಣ್ಣ ಇಲ್ಲದ್ದು. ಎಕ್ಸರೇಗಷ್ಟ ಕಾಣತೈತಿ.
ಅದನ್ನ ನಾ ಎಂದೂ ಅದ್ದಿಲ್ಲ.

ಎಚ್ಚರಾದಾಗ ಗಂಟಲ ಕೆರದಿತ್ತು.
ಕಂಡಿಕಿಗಿಂತ ಸಣ್ಣದೊಂದು ಪ್ಲಾಸ್ಟಿಕ್ ಕೊಳವಿ
ಗಂಟಿನ ನಡುವ ತೂರಿಸಿ ಇಟ್ಟಿದ್ದರು.
ಮೂರು ತಿಂಗಳಿಗೆ ಬದಲಿ.
ತುಣುಕಿನ ವರದಿ ಬರೋ ಮಂಗಳವಾರದ ಮುಂದಿನ ಮಂಗಳವಾರ.

ತುರಿಕಿ ಮೊದಲು ಹೋತು.
ಮಟಮಟ ಮಧ್ಯಾಹ್ನ, ಹಿತ್ತಲ ಬಿಸಲಾಗ
ರುಕ್ಮಾಬಾಯಿ ಹಳದಿ ಲಡಿ ನನ್ನ ಕಣ್ಣಿನ ಬಾಜೂ ಹಿಡದು
ಒಂದು ಅದ್ದು ಇಳದೈತಿ ಅಂತಾಳ.
ಲ್ಯಾಬಿನವರ ಅಂಕಿ ಆಮ್ಯಾಲೆ ಬಂದು ಹೂಂ ಅಂತಾವ.

ಇವತ್ತು ಸೋಮವಾರ.
ನಸುಕಿನ್ಯಾಗ ಸಂಡಾಸದ ಬಾಗಲಾ ತಗದು ಕೂಗಿದೆ:
ಬಾ ಇಲ್ಲೆ, ಬಂದು ನೋಡು!
ಕಂದು. ಅಪ್ಪಟ ಕಂದು.
ಐವತ್ತಾರು ವರ್ಷ ತಿರುಗಿ ನೋಡದ
ನೀರು ಸುರವಿದ ಬಣ್ಣ.
ಸೆರಗು ಮೂಗಿಗೆ ಹಿಡಕೊಂಡು ಬಂದು, ಬಗ್ಗಿ,
ಚೌಕಾಸಿ ಗಿರಾಕಿ ನೋಡಿದಂಗ ನೋಡಿದಳು.
ಪಕ್ಕಾ ಏನ್ರಿ ಇದು?

ನಾಳಿನ ಮಾತು ಇಬ್ಬರೂ ಎತ್ತಲಿಲ್ಲ.
ನೀರು ಹಾಕಿದೆ.