ಕಾಲುವೆಯ ಮೇಲೊಂದು ಹಗ್ಗ

ಮೆಕಾಂಗಿನ ದೋಣಿಯಲ್ಲಿ ಬಂತು ಗೂಡು,
ಒದ್ದೆ ಗೋಣಿಚೀಲದಲ್ಲಿ, ಬಾಯಿ ಬಿಗಿದು.
ಕಾನ್ ಥೋದ ತಂಗಿ ಕಳಿಸಿದ್ದು:
ಎಲೆಗೆ ಎಲೆ ಹೊಲಿದು, ಒಳಗೆ
ಒಂದು ಮುಷ್ಟಿ ಕೆಂಜಿಗದ ಸಿಟ್ಟು.

ದಿಯೆಪ್ ಅಜ್ಜಿ ಅದನ್ನು
ಮೂರನೇ ಕಿತ್ತಳೆ ಮರದ ಕವಲಿಗೆ ಕಟ್ಟಿದಳು.
ಮರದಿಂದ ಮರಕ್ಕೆ ಬಿದಿರ ಸೀಳು, ಹಳೇ ಬಲೆಯ ದಾರ;
ಬುಡಕ್ಕೆ ಮೀನಿನ ಕರುಳು, ಮೊದಲ ವಾರದ ಮುಂಗಡ.
ಇನ್ನು ನಿಮ್ಮ ಹೊಟ್ಟೆ ನೀವೇ ನೋಡಿಕೊಳ್ಳಿ.

ನೋಡಿಕೊಂಡವು.
ಎಲೆ ತಿನ್ನುವ ಹುಳ, ರಸ ಹೀರುವ ಹಸಿರು ತಿಗಣೆ,
ಆರು ಕಾಲು ಆರು ದಿಕ್ಕಿಗೆ ಎಳೆದು
ಮೆರವಣಿಗೆಯಲ್ಲಿ ಒಯ್ದವು.
ಸುಳ್ಳೇಕೆ, ಹಿಟ್ಟುತಿಗಣೆಯ ಜೊತೆ ಮಾತ್ರ ಒಳ ಒಪ್ಪಂದ:
ಬೆನ್ನು ಸವರಿ, ಸಿಹಿ ಕರೆದು ಕುಡಿದು
ಬಿಟ್ಟುಬಿಡುತ್ತವೆ.
ಯಾವ ಕಾವಲುಗಾರನ ಬಾಯಿ ಒಣಗಿದೆ, ಎಂದು ಅಜ್ಜಿ
ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೋಪುನೀರಿಗೆ ಅದ್ದಿ
ತಾನೇ ತಿಕ್ಕುತ್ತಾಳೆ.

ಕೊಯ್ಲಿನ ದಿನ ಮೊಣಕೈವರೆಗೆ ಬೂದಿ ಬಳಿದರೂ
ಕಚ್ಚುತ್ತವೆ, ಯಜಮಾನಿಯೆಂದು ನೋಡದೆ.
ಕಚ್ಚಲಿ. ಕೂಲಿ ಅದು.

ಕಾಲುವೆಯಾಚೆ ಲೊಕ್‌ನ ತೋಟ.
ಬೆನ್ನಿಗೆ ಔಷಧಿ ಡಬ್ಬಿ, ಮೂಗಿಗೆ ಬಟ್ಟೆ,
ವಾರಕ್ಕೆರಡು ಸಲ ಮಂಜು.
ಹೋದ ವರ್ಷ ಗಾಳಿ ಈಚೆ ತಿರುಗಿತ್ತು:
ಬೆಳಿಗ್ಗೆ ಮರದಡಿ ಗುಡಿಸಿದಳು
ಒಂದು ಮೊರ ಇರುವೆ, ಹೊಟ್ಟಿನಷ್ಟು ಹಗುರ.
ಜಗಳವಾಡಲಿಲ್ಲ.
ಆ ಮೊರವನ್ನೇ ಒಯ್ದು ಅವನ ಜಗುಲಿಯಲ್ಲಿಟ್ಟು ಬಂದಳು.

ಈ ಸಲ ಮಳೆ ನಿಂತ ಮೇಲೆ
ಕಾಲುವೆಯ ಮೇಲೊಂದು ನೈಲಾನ್ ಹಗ್ಗ:
ಈ ತುದಿ ಅವಳ ಕಿತ್ತಳೆಗೆ,
ಆ ತುದಿ ಅವನ ಚಕ್ಕೋತಕ್ಕೆ,
ಕೇಳದೇ ಕಟ್ಟಿದ್ದು.
ದಾಟುತ್ತಿವೆ ಸಾಲಾಗಿ, ಕೆಳಗೆ ನೀರಲ್ಲಿ ಇನ್ನೊಂದು ಸಾಲು.

ಲೊಕ್ ದಿನಾ ಬಂದು ನೋಡುತ್ತಾನೆ.
ಸೊಂಟದಲ್ಲಿ ಕತ್ತಿಯಿದೆ.
ಮೊನ್ನೆ ಗಾಳಿಗೆ ಜೋತಿದ್ದ ಹಗ್ಗ
ಇವತ್ತು ಬಿಗಿಯಾಗಿದೆ.
ಗಂಟು ಆಚೆಯದು.