ಎಡಗಿವಿಯ ಕಡತ

ಧೂಮಪ್ಪ ತಿಂಗಳಾಯರು ಬಂದರೆ
ನಾನು ಕುರ್ಚಿ ಎಳೆದುಕೊಂಡು ಅವರ ಬಲಕ್ಕೆ ಕೂರುತ್ತೇನೆ.
ಎಡದಿಂದ ಹೇಳಿದ್ದು ಯಾವುದೂ
ಅವರವರೆಗೆ ದಾಟುವುದಿಲ್ಲ;
ಬೆಂಗ್ರೆಯ ಕೊನೆಯ ದೋಣಿ ತಪ್ಪಿದವರ ಹಾಗೆ
ಈಚೆ ದಡದಲ್ಲೇ ನಿಂತಿರುತ್ತದೆ.

ಕೊಡಿಯಾಲಬೈಲಿನ ಈ ಆಫೀಸಿನಲ್ಲಿ
ಇಂಗ್ಲಿಷ್ ಕಾಗದ ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.
ಸೇನೆಯ ಮೊದಲ ಉತ್ತರಕ್ಕೇ ನಾಲಿಗೆ ತಡವರಿಸಿತು:
ಗಾಯವಾದ ದಿನ ಅರ್ಜಿದಾರರು
ದೇಹಧಾರಿಯಾಗಿರಲಿಲ್ಲ.
"ಎಂತದು?" ಅಂದರು.
ಟೆರಿಟೋರಿಯಲ್ ಸೇನೆಯ ಮಾತೇ ಹಾಗಂತೆ.
ಕರೆದಾಗ ದೇಹ ಬರುತ್ತದೆ,
ಕಳಿಸಿದಾಗ ಹೋಗುತ್ತದೆ.
ವರ್ಷಕ್ಕೆ ಎರಡು ತಿಂಗಳು ಸಿಪಾಯಿ,
ಉಳಿದ ಹತ್ತು ತಿಂಗಳು ಬಂದರಿನಲ್ಲಿ
ಬೋಟಿನ ಇಂಜಿನ್ ಬಿಚ್ಚುವ ಯಾರೋ ಒಬ್ಬ.
ಅವರು ನಕ್ಕರು.
"ಹಾಗಾದರೆ ಹದಿನೈದನೇ ತಾರೀಕು
ಅಲ್ಲಿ ತಿಂಡಿ ತಿಂದದ್ದು ಯಾರು, ಮಾರಾಯ್ತಿ?"

ಕಾಗದದಲ್ಲಿ ಹದಿನಾಲ್ಕಕ್ಕೇ ಶಿಬಿರ ಮುಗಿದಿತ್ತು.
ಹದಿನೈದರ ಬೆಳಿಗ್ಗೆ ಸುಬೇದಾರರು
ಉಳಿದ ಗುಂಡು ಖಾಲಿ ಮಾಡಿ ಹೋಗಿ ಅಂದರು.
ನಲವತ್ತು ಸುತ್ತು. ಕಿವಿಗೆ ಹತ್ತಿ ಇರಲಿಲ್ಲ.
ಆಮೇಲಿಂದ ಒಂದೇ ಸದ್ದು,
ಐಸ್ ಪ್ಲಾಂಟಿನ ಮೋಟಾರನ್ನು
ಆರಿಸಲು ಮರೆತು ಹೋದ ಹಾಗೆ.

ಒಂಬತ್ತು ವರ್ಷ. ಮೂರು ಮನವಿ.
ಮೂರಕ್ಕೂ ಒಂದೇ ಸಾಲು, ಹಿಂದಿನದರ ನಕಲು:
ಅಹವಾಲನ್ನು ಕೂಲಂಕಷವಾಗಿ ಆಲಿಸಲಾಗಿದೆ. ತಿರಸ್ಕರಿಸಲಾಗಿದೆ.
ಯಾರು ಆಲಿಸಿದರು, ಎಲ್ಲಿ ಕೂತು, ಯಾವ ಕಿವಿಯಲ್ಲಿ,
ಬರೆದಿಲ್ಲ.
ಟ್ರಿಬ್ಯೂನಲ್ಲೂ ಅದಕ್ಕೇ ಸೀಲು ಒತ್ತಿತು.

ಹೈಕೋರ್ಟಿಗೆ ರಿಟ್ ಹಾಕುವ ಮೊದಲು
ಐರಿನ್ ರೆಬೆಲ್ಲೊ ಮೇಡಂ ಬಲಗಿವಿಗೆ ಬಗ್ಗಿ ಹೇಳಿದರು:
"ಇಷ್ಟು ದುಡ್ಡು ಕೊಡಿ ಅಂತ ಅವರು ಹೇಳಲಿಕ್ಕಿಲ್ಲ.
ಧಕ್ಕೆಯಲ್ಲಿ ಮೀನು ತೂಗುತ್ತಾರಲ್ಲ,
ಕೋರ್ಟು ಮೀನು ಮುಟ್ಟುವುದಿಲ್ಲ.
ತಕ್ಕಡಿ ಎತ್ತಿ ನೋಡುತ್ತದೆ,
ತಟ್ಟೆಯ ಅಡಿಗೆ ಹುಣಸೆಹುಳಿ ಅಂಟಿಸಿದ್ದಾರಾ ಅಂತ."
ಅವರು ತುಂಬ ಹೊತ್ತು ಯೋಚಿಸಿದರು.
"ಅಷ್ಟರಲ್ಲಿ ಮೀನು ಹಾಳಾಗುವುದಿಲ್ವಾ?"
ಮೇಡಂ ಕನ್ನಡಕ ತೆಗೆದು ಒರೆಸಿದರು.

ಮೊನ್ನೆ ತೀರ್ಪು ಬಂತು. ಹನ್ನೊಂದು ಪುಟ.
ನಾನು ಬಲಕ್ಕೆ ಕೂತೆ.
ಈ ಆದೇಶ ಮಾತಾಡುವುದಿಲ್ಲ, ಎನ್ನುತ್ತದೆ ಏಳನೇ ಪುಟ;
ಕಾರಣ ಹೇಳದ ಆದೇಶ ಮೂಕ,
ಮೂಕ ಆದೇಶ ನಿಲ್ಲುವುದಿಲ್ಲ.
ರದ್ದು.
ನಾಲ್ಕು ತಿಂಗಳೊಳಗೆ ಅದೇ ಅಧಿಕಾರಿಗಳು
ಹೊಸದಾಗಿ, ಕಾರಣ ಸಮೇತ, ತೀರ್ಮಾನಿಸತಕ್ಕದ್ದು.

"ಗೆದ್ದೆವಾ?"
ಹೌದು ಅನ್ನಲಿಕ್ಕೆ ಬಾಯಿ ತೆರೆದೆ.
"ಅದೇ ಅಧಿಕಾರಿಗಳಾ?"
ಅದೇ.
"ಅದೇ ತಕ್ಕಡಿ?"
ಹುಳಿ ಕೆರೆದದ್ದು, ಅಂದೆ.

ಚೀಲದಿಂದ ಪೇಪರಿನ ಕಟ್ಟೊಂದನ್ನು ತೆಗೆದು
ನನ್ನ ಕೀಬೋರ್ಡಿನ ಪಕ್ಕ ಇಟ್ಟರು.
ಆರು ಬಂಗುಡೆ, ಕಣ್ಣು ಇನ್ನೂ ಮಸುಕಾಗದವು.
ಬೇಡ ಅಂದೆ. ಅಷ್ಟರಲ್ಲಿ ತಿರುಗಿದ್ದರು,
ನನ್ನ ಮಾತು ಎಡಗಡೆಗೆ ಬಿತ್ತು.

ಮೆಟ್ಟಿಲಿನಲ್ಲಿ ಯಾರಿಗೋ ಫೋನಿನಲ್ಲಿ
ಗಟ್ಟಿಯಾಗಿ ಹೇಳುವುದು ಕೇಳಿಸಿತು:
"ಆ ದಿನ ನಾನು ಅಲ್ಲಿ ಇದ್ದೆ ಅಂತ
ಬರೆದು ಕೊಟ್ಟಿದ್ದಾರೆ."

ಹನ್ನೊಂದು ಪುಟದಲ್ಲಿ ಎಲ್ಲಿಯೂ ಹಾಗೆ ಬರೆದಿರಲಿಲ್ಲ.
ಕಿಟಕಿಯವರೆಗೆ ಹೋದೆ.
ಕೂಗಿ ತಿದ್ದಲಿಲ್ಲ.