ಐವತ್ತೊಂದು ಎಲೆ

ತಗಡಿನದಿದೆ ನನ್ನ ಬಳಿ. ಭದ್ರಾವತಿ ಕಾರ್ಖಾನೆಯಲ್ಲಿ
ಯಾರೋ ಊಟದ ಬಿಡುವಿನಲ್ಲಿ ಕತ್ತರಿಸಿದ್ದು,
ಕಲೆಸಿದರೆ ಪಾತ್ರೆ ತೊಳೆವ ಸದ್ದು.
ಸಾಗರದ ಗುಡಿಗಾರರ ಮನೆಯದು, ಗಂಧದ ಚಕ್ಕೆಯ ಗಂಜೀಫೆ,
ಸಂಡಿಗೆಯಷ್ಟು ದುಂಡಗೆ.
ಕೋಣದ ಕೊಂಬಿನದು ಅರ್ಧ ಕಟ್ಟು, ಉಳಿದರ್ಧ ಹುಳಕ್ಕೆ.
ದುರ್ಗಿಗುಡಿಯ ಅಂಗಡಿಯಲ್ಲಿ ಹಗಲೆಲ್ಲ
ವಾಚಿಗೆ ಮುಳ್ಳು ಕೂರಿಸುವ ನನಗೆ
ಇಸ್ಪೀಟು ಆಡಲು ಬರುವುದಿಲ್ಲ. ಮುಟ್ಟಲು ಬರುತ್ತದೆ.

ಗಾಡಿಕೊಪ್ಪದ ಹೂವಮ್ಮ ಹೇಳಿಕಳಿಸಿದಾಗ
ಬಾಗಿಲು ಅರ್ಧ ಎಳೆದು ಹೊರಟೆ.

ಹಾರ್ಲಿಕ್ಸ್ ಡಬ್ಬಿಯಿಂದ ಚಾಪೆಗೆ ಸುರಿದಳು:
ಕರ್ರಗೆ, ನುಣ್ಣಗೆ, ಒಂದರ ಮೇಲೊಂದು ಜಾರುತ್ತ.
ಎಕ್ಸ್‌ರೇ ಹಾಳೆ.
ಗಂಡ ಗುತ್ಯಪ್ಪ ದೊಡ್ಡಾಸ್ಪತ್ರೆಯ ವಾರ್ಡುಬಾಯ್;
ಯಾರೂ ಬಂದು ಒಯ್ಯದ ಎಲುಬುಗಳನ್ನು ಕತ್ತರಿಸಿ
ರಾತ್ರಿ ಪಾಳಿಗೊಂದು ಕಟ್ಟು ಮಾಡಿಕೊಂಡಿದ್ದ.
ಕಪ್ಪಿನ ಮೇಲೆ ಕಪ್ಪು ಕಾಣುವುದೆ?
ಇಸ್ಪೇಟು, ಕಳಾವರಿಗೆ ಬಾಗಿಲಿಗೆ ಬಳಿದುಳಿದ ಬಿಳಿ,
ಆಟಿನ್, ಡೈಮನ್ನಿಗೆ ನರ್ಸಮ್ಮ ಎಸೆದ ಉಗುರುಬಣ್ಣ.
ಕಳಾವರ್ ಏಳರಲ್ಲಿ ಯಾರದೋ ಮುರಿದ ಮೊಣಕೈ.
ಡೈಮನ್ ಗುಲಾಮನ ಹೊಟ್ಟೆಯಲ್ಲಿ
ನುಂಗಿದ ನಾಲ್ಕಾಣೆ.

"ಬೆನ್ನ ಹಿಂದೆ ದೀಪ ಇದ್ರೆ ಎದುರಿನೋನಿಗೆ ಎಲ್ಲಾ ಕಾಣ್ತಿತ್ತು,
ಅದಕ್ಕೇ ಗೋಡೆಗೆ ಒರಗ್ಕೊಂಡು ಆಡೋರು."

ಎಣಿಸಿದೆ. ಐವತ್ತೊಂದು. ಮತ್ತೆ ಎಣಿಸಿದೆ.
ಆಟಿನ್ ರಾಣಿ ಇಲ್ಲ.
ಒಂದು ಕಮ್ಮಿಯಾದರೆ ಬೆಲೆ ಅರ್ಧ, ಎಂದೆ. ವ್ಯಾಪಾರದ ಮಾತು.
"ಅರ್ಧಾನೇ ಕೊಡಿ, ವಾಚಿನೋರೆ."

ದುಡ್ಡು ಸೆರಗಿಗೆ ಕಟ್ಟಿದ ಮೇಲೆ
ರೇಷನ್ ಕಾರ್ಡಿನ ಮಡಿಕೆಯಿಂದ ತೆಗೆದು
ಕಿಟಕಿಗೆ ಹಿಡಿದು ತೋರಿಸಿದಳು. ಕೈಗೆ ಕೊಡಲಿಲ್ಲ.
ನಾಲ್ಕು ಪಕ್ಕೆಲುಬು, ನಡುವೆ ಉಗಿಯಂಥ ಒಂದು ಕಲೆ,
ಮೂಲೆಯಲ್ಲಿ ತುಂಡಾದ ಹೆಸರು: ಹೂವ.
"ಟೀಬಿ ವಾರ್ಡಲ್ಲಿ ಏಳು ತಿಂಗಳು. ಮನೆಯೋರು ಯಾರೂ ಬರ್ಲಿಲ್ಲ.
ಇವರು ರಾತ್ರಿ ಬಂದು ಆಟ ಕಲಿಸೋರು,
ಬೇಕಂತ ಸೋಲೋರು.
ವಾಸಿಯಾದ ದಿನ ನನ್ನ ಹಳೇ ಪಟ ಕತ್ತರಿಸಿ ಇದನ್ನ ಮಾಡಿದ್ರು.
ಮುಖ ಬರಿಯಾಕೆ ಬರ್ತಿರ್ಲಿಲ್ಲ ನೋಡಿ,
ಬರೀ ಮೂಗುಬೊಟ್ಟು ಇಟ್ಟಿದಾರೆ."

ಮೊನ್ನೆ ಮೈಸೂರಿನವರೊಬ್ಬರು ಬಂದಿದ್ದರು.
ರಾಣಿ ಸಿಕ್ಕರೆ ಎರಡರಷ್ಟು ಕೊಡುತ್ತಾರಂತೆ.
ಆ ಎಲೆ ಇನ್ನೂ ಇಳಿಸಿಲ್ಲ, ಎಂದೆ.
ಗಾಜಿನ ಪೆಟ್ಟಿಗೆಯಲ್ಲಿ ಅದರ ಜಾಗ ಹಾಗೇ ಬಿಟ್ಟಿದ್ದೇನೆ,
ಜೋಕರ್ ಇಟ್ಟು ತುಂಬಿಸಿಲ್ಲ.

ಅಂಗಡಿ ಮುಚ್ಚಿ, ಕಣ್ಣಿಗೆ ವಾಚಿನ ಭೂತಗನ್ನಡಿ ಸಿಕ್ಕಿಸಿ
ಒಂದೊಂದೇ ಎಲೆ ಬಲ್ಬಿಗೆ ಹಿಡಿಯುತ್ತೇನೆ ಈಗ.
ಈ ಮೊಣಕೈ ಕೂಡಿತೆ?
ನಾಲ್ಕಾಣೆ ನುಂಗಿದ ಹುಡುಗನಿಗೆ
ಎಷ್ಟಾಗಿರಬಹುದು ವಯಸ್ಸು?